ಹಾರ್ಡ್‌ವೇರ್ ಅಂಗಡಿಯವರು ಹೇಳಿ ಹೋದ ಮಾತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಏನಾದರೊಂದು ನೆಪ ತೆಗೆದು ಎದ್ದಿದ್ದೇನೆ. ಹೋದ ವಾರ ಪಕ್ಕದ ಮನೆಯ ಗೇಟಿಗೆ ಬಣ್ಣ ಹೊಡೆಯಲು ಬಂದವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ಹಲಸೂರಿನ ನಮ್ಮ ಸಂದಿಯಲ್ಲಿದ್ದ ಹಾರ್ಡ್‌ವೇರ್ ಅಂಗಡಿಯ ವಾಸನೆ ಅದೇ. ಇನ್ನೂ ತಡ ಮಾಡಿದರೆ ಹೇಳದೆಯೇ ಹೋಗಿಬಿಡುತ್ತೇನೆ ಅನ್ನಿಸಿತು.

ಅಂಗಡಿಯವರು ನನಗಿಂತ ಹತ್ತು ವರ್ಷ ಚಿಕ್ಕವರು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳೊಡನೆ ಕನ್ನಡ, ತಮಿಳು. ನಾವೆಲ್ಲ ಭಾಯ್ ಅನ್ನುತ್ತಿದ್ದೆವು. ಏನೇ ಕೇಳಿದರೂ ಯಾವ ಕೆಲಸಕ್ಕೆ, ಯಾರ ಮನೆಗೆ, ಯಾವ ಗೋಡೆಗೆ ಎಂದು ವಿಚಾರಿಸಿದ ಮೇಲೆಯೇ ಸಾಮಾನು ತೆಗೆಯುವುದು ಅವರ ಪದ್ಧತಿ. ನಾನು ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನೆಂದು ಗೊತ್ತಿದ್ದೂ ನನ್ನನ್ನು ಬಿಡುತ್ತಿರಲಿಲ್ಲ. "ಫಿಟ್ಟರ್ ಸಾರ್, ಹೋದ್ಸಲ ತಗೊಂಡ್ಹೋದ ಸ್ಕ್ರೂನ ಸುತ್ತಿಗೇಲಿ ಹೊಡುದ್ರಂತೆ?" ಎಂದು ನಾಲ್ಕು ಜನರ ಮುಂದೆ ಕಾಲೆಳೆಯುತ್ತಿದ್ದರು.

ಮೊದಲು ನಾನೂ ನಗುತ್ತಿದ್ದೆ. ನಿವೃತ್ತನಾದ ಮೇಲೆ ದಿನವಿಡೀ ಫೋನಿನಲ್ಲಿ ಬರುವ, ಮುಸ್ಲಿಮರನ್ನು ನಂಬಬೇಡಿ ಎನ್ನುವ ವಿಡಿಯೊ, ಸಂದೇಶಗಳನ್ನು ನೋಡುತ್ತಾ ನೋಡುತ್ತಾ ಅದೇ ಪ್ರಶ್ನೆಗಳು ಬೇರೆ ಥರ ಕೇಳಿಸತೊಡಗಿದವು. ಯಾರ ಮನೆಗೆ, ಯಾವ ಮಹಡಿಗೆ ಎಂಬುದೆಲ್ಲ ಇವರಿಗೇಕೆ ಬೇಕು? ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಎಷ್ಟು ಹೊತ್ತಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಗಡಿಯಾರ ನೋಡಿದ್ದೂ ಉಂಟು. ಇಪ್ಪತ್ತು ವರ್ಷದಿಂದ ಅವರು ಹಾಗೆಯೇ ಹೋಗಿ ಬರುತ್ತಿದ್ದರು...

ನನ್ನ ತಂಗಿಯ ಮಗ ಆಗ ನಮ್ಮ ಮಹಡಿಯ ಕೋಣೆಯಲ್ಲಿದ್ದ. ಮೂವತ್ತೈದರ ಹತ್ತಿರದವನು. ಕೆಲಸ ಹೋಗಿತ್ತು. ತವರಿಗೆ ಹೋದ ಹೆಂಡತಿ ಮರಳಿರಲಿಲ್ಲ. ಕೇರಂ ಆಡುವ ಗೆಳೆಯರನ್ನು ಒಬ್ಬೊಬ್ಬರಾಗಿ ಬಿಟ್ಟ. ಯಾವ ಸಂಘಕ್ಕೂ ಸೇರಿದವನಲ್ಲ. ಅವನು, ಅವನ ಫೋನು, ಅಷ್ಟೇ. ಊಟಕ್ಕೆ ಕುಳಿತಾಗ ನನಗೆ ಬಂದ ಸಂದೇಶಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ನಾನು ಓದಿ ಮರೆಯುತ್ತಿದ್ದೆ. ಅವನು ಮರೆಯುತ್ತಿರಲಿಲ್ಲ. ಆಮೇಲಾಮೇಲೆ ತಟ್ಟೆ ಹಿಡಿದು ಮೇಲೆಯೇ ಹೋಗಿ ಉಣ್ಣತೊಡಗಿದ. ಪಾಪ, ಯಾರ ತಂಟೆಗೂ ಹೋಗುವುದಿಲ್ಲ ಎಂದುಕೊಂಡೆ.

ಒಂದು ಬೆಳಿಗ್ಗೆ ಅಂಗಡಿಯವರು ನಮ್ಮ ಬಾಗಿಲಿಗೆ ಬಂದರು. ಅದುವರೆಗೆ ಒಮ್ಮೆಯೂ ಬಂದವರಲ್ಲ.

"ನಿಮ್ಮಳಿಯ ಬಂದಿದ್ದ ಸಾರ್. ಕೆಜಿಗಟ್ಟಲೆ ಮೊಳೆ ಬೇಕು ಅಂದ. ಯಾವ ಸೈಜು ಅಂದ್ರೆ, ಯಾವ್ದಾದ್ರೂ ಕೊಡಿ ಅಂದ. ಏನ್ ಕೆಲ್ಸ ಅಂದೆ, ಮುಖಾನೇ ನೋಡ್ಲಿಲ್ಲ. ನಾನ್ ಕೊಡ್ಲಿಲ್ಲ."

ಅದಕ್ಕೇನೀಗ ಎಂದೆ.

"ಅವನ್ ಜೊತೆ ಯಾರಾದ್ರೂ ಕೂತು ಊಟ ಮಾಡ್ತೀರಾ ಸಾರ್? ನಮ್ಮಕ್ಕನ ಮಗಾನೂ ಒಂದ್ ಟೈಮಲ್ಲಿ ಹಿಂಗೇ ಇದ್ದ. ಅಕ್ಕ ಡೈಲಿ ತನ್ ತಟ್ಟೆ ಎತ್ಕೊಂಡು ಅವನ ರೂಮಿಗೇ ಹೋಗಿ ಕೂರ್ತಿದ್ಲು. ಒಂದ್ ವರ್ಷ ಹಿಡೀತು. ಈಗ ಆಟೋ ಓಡಿಸ್ತಾನೆ, ನನ್ನೇ ರೇಗಿಸ್ತಾನೆ." ಮಹಡಿಯ ಕಡೆ ನೋಡಿ, "ನಿಮ್ ಕೈಲಿ ಆಗ್ಲಿಲ್ಲ ಅಂದ್ರೆ ಇಬ್ರೂ ಸ್ಟೇಷನ್‌ಗೆ ಹೋಗಿ ಹೇಳೋಣ. ಲೇಟ್ ಮಾಡ್ಬೇಡಿ" ಎಂದರು.

ಯಾವ ಕೆಲಸಕ್ಕಾದರೂ ಮೊಳೆಗೆ ಒಂದು ಅಳತೆ ಬೇಕು. ಮೂವತ್ತು ವರ್ಷ ಫಿಟ್ಟರ್ ಆಗಿದ್ದವನಿಗೆ ಅಷ್ಟಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದೇ ಬೇರೆ: ಈ ಮನುಷ್ಯ ನಮ್ಮ ಮನೆಯ ಮೇಲೆ ಕಣ್ಣಿಟ್ಟಿದ್ದಾನೆ, ನಮ್ಮ ಹುಡುಗನನ್ನು ಸಿಕ್ಕಿಹಾಕಿಸಲು ನೋಡುತ್ತಿದ್ದಾನೆ. ಅವರ ಮುಖದ ಮೇಲೆ ಬಾಗಿಲು ಹಾಕಿದೆ. ಮಹಡಿ ಹತ್ತಿ, ಅವರು ಹೇಳಿದ್ದನ್ನೆಲ್ಲ ಅಳಿಯನಿಗೆ ಒಂದು ಮಾತೂ ಬಿಡದೆ ಒಪ್ಪಿಸಿದೆ.

"ನಮ್ಮನ್ನೇ ಕಾಯ್ತಾ ಕೂತಿದಾನೆ ಆ ಭಾಯ್. ಹುಷಾರಾಗಿರು" ಎಂದೆ.

"ಗೊತ್ತು ಮಾವ" ಎಂದ. ಎಷ್ಟೋ ತಿಂಗಳ ಮೇಲೆ ಅವನು ನನ್ನ ಕಡೆ ನೋಡಿ ನಕ್ಕದ್ದು ಅಂದೇ. ನನಗೆ ಖುಷಿಯಾಗಿತ್ತು...

ಎರಡು ವಾರವಾಗಿರಬೇಕು. ಹಾಡಹಗಲಲ್ಲೇ ಒಂದು ಚೀಲ ಹಿಡಿದು ಆ ಅಂಗಡಿಗೆ ಹೋದ. ಚೀಲದಲ್ಲಿದ್ದದ್ದು ಅರೆಬರೆ ಸಿಡಿಯಿತಂತೆ. ಯಾರೂ ಸಾಯಲಿಲ್ಲ. ಅಂಗಡಿಯವರ ಬಲಗಣ್ಣು ಹೋಯಿತು. ಅಳಿಯನನ್ನು ಜನರೇ ಹಿಡಿದು ಕೊಟ್ಟರು. ಆ ಚೀಲವನ್ನು ಮೊದಲು ಎಲ್ಲಿಗೆ ಒಯ್ಯಬೇಕೆಂದಿದ್ದನೋ ಯಾರಿಗೂ ಗೊತ್ತಿಲ್ಲ. ಆ ಅಂಗಡಿಯನ್ನು ಅವನಿಗೆ ಬೊಟ್ಟು ಮಾಡಿ ತೋರಿಸಿದವನು ನಾನು.

ಸ್ಟೇಷನ್ನಿನಲ್ಲಿ ನನ್ನನ್ನು ಹೆಚ್ಚು ಕೇಳಲಿಲ್ಲ. "ಮನೆಯವ್ರಿಗೆ ಏನೂ ಗೊತ್ತಿರ್ಲಿಲ್ಲ ಅಂತ ಅಂಗಡಿಯವ್ರೇ ಹೇಳಿದಾರೆ ಬಿಡಿ" ಎಂದರು. ಹೌದು ಸಾರ್ ಎಂದೆ. ಮನೆಗೆ ಬಂದು ಅದನ್ನೂ ಅನುಮಾನಿಸಿದೆ: ಯಾಕೆ ಹಾಗೆ ಹೇಳಿದರು, ಮುಂದೆ ನನ್ನಿಂದ ಏನು ಕೇಳಬೇಕೆಂದು? ಅವರು ಏನೂ ಕೇಳಲಿಲ್ಲ. ಕರುಣೆಯೋ, ನನ್ನ ಸುದ್ದಿಯೇ ಬೇಡವೆನಿಸಿತೋ... ಅಂಗಡಿ ಮುಚ್ಚಿ ಕಮ್ಮನಹಳ್ಳಿಗೆ, ಮಗಳ ಮನೆಗೆ ಹೋದರು.

ಅಳಿಯ ಇನ್ನೂ ಜೈಲಿನಲ್ಲಿದ್ದಾನೆ. ತಂಗಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳಿಗೆ ಅರ್ಧ ಮಾತ್ರ ಗೊತ್ತು; ಅಂಗಡಿಯವರು ನಮ್ಮ ಬಾಗಿಲಿಗೆ ಬಂದು ಹೇಳಿದ್ದು ಗೊತ್ತಿಲ್ಲ.

ಮೊನ್ನೆ ಧೈರ್ಯ ಮಾಡಿ ಕಮ್ಮನಹಳ್ಳಿಗೆ ಬಸ್ಸು ಹತ್ತಿದೆ. ಮಗಳು ಬಾಗಿಲು ತೆಗೆದಳು. ಅಂಗಡಿಯ ಹಳೆಯ ಗಿರಾಕಿ ಎಂದೆ. "ಅಬ್ಬಾ ರಂಜಾನ್‌ಗೆ ಮುಂಚೇನೇ ಹೋಗ್ಬಿಟ್ರು ಅಂಕಲ್" ಎಂದು ಕುರ್ಚಿ ಎಳೆದು, ಚಹಾ ತಂದುಕೊಟ್ಟಳು. ಹಳೆಯ ಗಿರಾಕಿಗಳನ್ನು ಅಬ್ಬಾ ತುಂಬ ನೆನೆಯುತ್ತಿದ್ದರಂತೆ. ನಿಮ್ಮ ಹೆಸರೇನು ಅಂಕಲ್ ಎಂದು ಕೇಳಿದಳು.

ನಾನು ಬೇರೆ ಯಾವುದೋ ಹೆಸರು ಹೇಳಿದೆ.

ಚಹಾ ಪೂರ್ತಿ ಕುಡಿದು ಬಂದೆ. ಅಲ್ಲಿಗೆ, ನಾನು ಕ್ಷಮೆ ಕೇಳದೆ ಉಳಿದವರು ಇಬ್ಬರಾದರು: ಆ ಹಾರ್ಡ್‌ವೇರ್ ಅಂಗಡಿಯವರು, ಅವರ ಮಗಳು.