ಅಕ್ಕನ ಪತ್ರೊಡೆಗೆ ಒಂದು ನಕ್ಷತ್ರ

ಅಕ್ಕ ಮೊಬೈಲನ್ನು ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ತೋರುಬೆರಳನ್ನು ಮಡಚಿ ಅದರ ಗೆಣ್ಣಿನಿಂದ ಒತ್ತುತ್ತಿದ್ದಳು. ಕಾಯಿ ತುರಿದು, ಮಸಾಲೆ ಅರೆದು, ಪಾತ್ರೆ ತಿಕ್ಕಿ ಅವಳ ಬೆರಳ ತುದಿಗಳು ಸವೆದು ಸೀಳು ಬಿಟ್ಟಿದ್ದವು. ರೇಶನ್ ಅಂಗಡಿಯ ಯಂತ್ರವಾಗಲಿ ಮೊಬೈಲಾಗಲಿ ಅವನ್ನು ಗುರುತು ಹಿಡಿಯುತ್ತಿರಲಿಲ್ಲ. ಹಾಗಾಗಿ ಯಾರದೋ ಮನೆಯ ಬಾಗಿಲು ತಟ್ಟುವವಳ ಹಾಗೆ ಟಕ್ ಟಕ್ ಎಂದು ಗೆಣ್ಣಿನಿಂದ ಬಡಿದು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. ಹಾಗೆ ಬಡಿದು ಬಡಿದೇ ಅವಳು ಒಂದು ಅಡುಗೆ ಬ್ಲಾಗು ನಡೆಸಿದಳು.

ಅದನ್ನು ಮಾಡಿಕೊಟ್ಟದ್ದು ಅವಳ ಮಗಳು. ಬಾವ ತೀರಿಹೋಗಿ, ಮಗಳು ಮದುವೆಯಾಗಿ ಪುಣೆಗೆ ಹೋದ ಮೇಲೆ ಸಾನಪಾಡಾದ ಮನೆಯಲ್ಲಿ ಅಕ್ಕ ಒಬ್ಬಳೇ ಉಳಿದಳು. ನಾನು ಠಾಣೆ ಪೂರ್ವದ ಕೋಪರಿಯಲ್ಲಿ, ಒಂದು ಹೋಟೆಲಿನ ಅಡುಗೆಮನೆಯಲ್ಲಿ. ರಜೆಯ ದಿನ ಮಾತ್ರ ವಾಶಿಗೆ ಹೋಗುವ ಲೋಕಲ್ ರೈಲು ಹತ್ತಿ ಅವಳಲ್ಲಿಗೆ ಹೋಗುತ್ತಿದ್ದೆ. ಕೆಲವೊಮ್ಮೆ ಅದೂ ತಪ್ಪುತ್ತಿತ್ತು.

ಮಗಳು ಬ್ಲಾಗಿಗೆ ಪ್ಲಗಿನ್ ಎಂಬುದೊಂದನ್ನು ಸೇರಿಸಿದ್ದಳು. ಅಕ್ಕ ಅದಕ್ಕೆ ‘ಪೆಟ್ಟಿಗೆ’ ಎನ್ನುತ್ತಿದ್ದಳು. ಬರಹದ ಕೆಳಗೆ ಒಂದು ಚೌಕ. ಸಾಮಾನು ಏನೇನು, ಅಳತೆ ಎಷ್ಟು, ಬೇಯಲು ಎಷ್ಟು ಹೊತ್ತು, ಎಷ್ಟು ಜನಕ್ಕೆ ಎಂದು ತುಂಬಬೇಕು. ಅಳತೆಗೆ ಅಂಕಿಯೇ ಬೇಕು. ಅಂಕಿ ಇಲ್ಲದಿದ್ದರೆ ಪೆಟ್ಟಿಗೆಗೆ ಲೆಕ್ಕ ಸಿಗುವುದಿಲ್ಲ.

“ಇದಕ್ಕೆ ಕಣ್ಣಂದಾಜು ಅಂದ್ರೆ ತಿಳಿಯುವುದಿಲ್ಲ ಮಾರಾಯ,” ಎಂದು ಅಕ್ಕ ನಗುತ್ತಿದ್ದಳು. “ಹೊಸತಾಗಿ ಬಂದ ಸೊಸೆಯ ಹಾಗೆ. ಎಲ್ಲ ಬಿಡಿಸಿ ಹೇಳ್ಬೇಕು.”

ಮುಷ್ಟಿಯಲ್ಲಿ ತೆಗೆದದ್ದನ್ನು ಬಟ್ಟಲಿಗೆ ಸುರಿದು, ಬಟ್ಟಲಿನಿಂದ ಚಮಚಕ್ಕೆ ಹಾಕಿ ನೋಡಿ, ಆಮೇಲೆ ಅಂಕಿ ತುಂಬುತ್ತಿದ್ದಳು. ಎಷ್ಟು ಜನಕ್ಕೆ ಎಂಬಲ್ಲಿ ಯಾವಾಗಲೂ ನಾಲ್ಕು.

“ನೀನು ಇರುವುದು ಒಬ್ಬಳು. ನಾಲ್ಕು ಯಾಕೆ?” ಎಂದು ಒಮ್ಮೆ ಕೇಳಿದೆ.

“ಒಬ್ಬರಿಗೆ ಅಂತ ಬರೆದ್ರೆ ಓದುವವರಿಗೇ ಬೇಜಾರಾಗ್ತದೆ.”

ಬರೆದ ಮೇಲೆ ನಾಲ್ಕು ಜನಕ್ಕೇ ಮಾಡುತ್ತಿದ್ದಳು. ಉಳಿದದ್ದು ಎದುರು ಮನೆಗೆ, ವಾಚ್‌ಮನ್‌ಗೆ, ಆಮೇಲೆ ಫ್ರಿಜ್ಜಿಗೆ.

ಪೆಟ್ಟಿಗೆಯ ತಲೆಯ ಮೇಲೆ ಐದು ನಕ್ಷತ್ರಗಳಿದ್ದವು. ಮಾಡಿ ನೋಡಿದವರು ಮೆಚ್ಚಿದಷ್ಟು ಒತ್ತಬೇಕು. ಹೆಸರು ಹೇಳಬೇಕಾಗಿಲ್ಲ. ಅಕ್ಕನಿಗೆ ಇದರಲ್ಲಿ ಒಂದು ನೇಮವಿತ್ತು. ಬೇರೆಯವರ ಬ್ಲಾಗಿನಲ್ಲಿ ಏನನ್ನಾದರೂ ನೋಡಿದರೆ, ಅದನ್ನು ಅವರು ಹೇಳಿದ ಹಾಗೆಯೇ ಮಾಡಿ, ತಿಂದು, ಕೈ ತೊಳೆದು ಬಂದೇ ನಕ್ಷತ್ರ ಒತ್ತುವುದು. “ಮಾಡದೆ ಒತ್ತಿದ್ರೆ ಸುಳ್ಳು ಸಾಕ್ಷಿ ಹೇಳಿದ ಹಾಗೆ” ಎನ್ನುತ್ತಿದ್ದಳು. ಎಲ್ಲರೂ ತನ್ನ ಹಾಗೆಯೇ ಎಂದು ಅವಳ ನಂಬಿಕೆ. ಅವಳ ಅಡುಗೆಗೆ ಬರುತ್ತಿದ್ದ ನಕ್ಷತ್ರಗಳು ಕಡಿಮೆ. ಆದರೆ ಒಂದೊಂದು ಬಂದಾಗಲೂ ಮನೆಗೆ ಯಾರೋ ಬಂದು ಉಂಡು ಹೋದರೇನೋ ಎಂಬಷ್ಟು ಸಂತೋಷದಿಂದ ನನಗೆ ಫೋನು ಮಾಡುತ್ತಿದ್ದಳು. ನಾನು ಒಲೆಯ ಮುಂದೆ ನಿಂತು “ಹ್ಞಾಂ, ಹ್ಞಾಂ” ಎಂದು ಇಟ್ಟುಬಿಡುತ್ತಿದ್ದೆ.

ಆ ಮಳೆಗಾಲದಲ್ಲಿ ಅವಳು ಪತ್ರೊಡೆ ಬರೆದಳು, ಕೆಸುವಿನೆಲೆಗೆ ಅರೆದ ಅಕ್ಕಿ-ಮಸಾಲೆ ಬಳಿದು ಸುತ್ತಿ ಹಬೆಯಲ್ಲಿ ಬೇಯಿಸುವುದು. ಊರಿನ ಕೆಸುವಿನೆಲೆ ಇಲ್ಲಿ ಎಲ್ಲಿ ಸಿಗಬೇಕು? ಮರಾಠಿಯವರು ಅಳೂ ಎನ್ನುವ ಎಲೆಯನ್ನೇ ಮಾರ್ಕೆಟಿನಿಂದ ತಂದು, ಅದಕ್ಕೆ ಹುಣಸೆಹುಳಿಯ ಅಳತೆಯನ್ನು ಮತ್ತೆ ಮತ್ತೆ ಮಾಡಿ ಹೊಂದಿಸಿದ್ದಳು. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಹೆಚ್ಚಾದರೆ ಬಾಯಿಗಿಡಲಾಗದು. ಅವಳದು ಅಮ್ಮನ ಪತ್ರೊಡೆಯೇ ಆಗಿ ಬಂದಿತ್ತು.

ಅದರ ಮೇಲಿನ ಬರಹದಲ್ಲಿ ಒಂದು ಸಾಲು ಇತ್ತು: ‘ನನ್ನ ತಮ್ಮ ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ಆದರೆ ಪತ್ರೊಡೆ ಮಾತ್ರ ಅವನ ಕೈಗೆ ಇನ್ನೂ ಒಲಿದಿಲ್ಲ.’

ತಮಾಷೆಗೆ ಬರೆದದ್ದು. ಆದರೆ ನಮ್ಮ ಕ್ಯಾಶಿಯರ್, ವಿಜಯಪುರದ ಕಡೆಯವನು, ಅದನ್ನು ಗಲ್ಲಾದಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದ.

“ಏ ಭಟ್ಟಪ್ಪಾ, ನಿಮ್ಮ ಅಕ್ಕಾರು ನಿನಗ ಅಡಗಿ ಬರೂದುಲ್ಲ ಅಂತ ಜಗತ್ತಿಗೇ ಹೇಳ್ಯಾರಲ್ಲೋ! ಇನ್ನ ಮ್ಯಾಲ ಪಗಾರ ಅವರಿಗೇ ಕೊಡೂಣು ಬಿಡು.”

ಸಪ್ಲಾಯರುಗಳೆಲ್ಲ ನಕ್ಕರು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನಗೆ ಇರುವುದು ಈ ಕೈಯೊಂದೇ. ಅದನ್ನೂ ತೆಗೆದುಹಾಕಿದಳು ಎಂದು ಸಿಟ್ಟು ಬಂತು. ಮಧ್ಯಾಹ್ನದ ಗಿರಾಕಿ ಕಡಿಮೆಯಾದಾಗ ಬಟಾಟೆ ಮೂಟೆಯ ಮೇಲೆ ಕೂತು, ಮೊಬೈಲಿನಲ್ಲಿ ಅಕ್ಕನ ಪತ್ರೊಡೆ ತೆಗೆದು, ಒಂದು ನಕ್ಷತ್ರ ಒತ್ತಿದೆ. ಒಮ್ಮೆ ಒತ್ತಿದ್ದನ್ನು ಹಿಂದೆ ತೆಗೆಯಲು ಆಗುವುದಿಲ್ಲ. ಆಗ ತೆಗೆಯಬೇಕೆಂದೂ ಅನ್ನಿಸಿರಲಿಲ್ಲ.

ರಜೆಯ ದಿನ ಹೋದಾಗ ಅಕ್ಕ ಬಾಗಿಲಲ್ಲೇ ತಟ್ಟೆ ಹಿಡಿದು ನಿಂತಿದ್ದಳು.

“ತಿಂದು ಹೇಳು. ಎಂತ ತಪ್ಪಾಗಿದೆ ಇದ್ರಲ್ಲಿ? ಯಾರೋ ಒಂದೇ ನಕ್ಷತ್ರ ಕೊಟ್ಟಿದ್ದಾರೆ.”

“ಯಾರೋ ತಲೆಕೆಟ್ಟವರು. ಬಿಡು.”

“ಬಿಡುವುದೆಂತದು? ಪಾಪ, ಅವರ ಗಂಟಲು ತುರಿಸಿರ್ಬೇಕು. ಮನೆಯಲ್ಲಿ ಮಕ್ಕಳಿದ್ದರೋ ಏನೋ.”

ತಿಂದೆ. ಮೊದಲಿಗಿಂತ ಹುಳಿಯಾಗಿತ್ತು. “ಮೊದಲಿನದ್ದೇ ಸರಿ ಇತ್ತು” ಎಂದೆ.

“ನೀನು ತಮ್ಮ. ಹಾಗೇ ಹೇಳ್ತಿ,” ಎಂದಳು.

ಪೆಟ್ಟಿಗೆಯಲ್ಲಿ ಹಳೆಯ ಅಂಕಿ ಅಳಿಸಿ ಹೊಸ ಅಂಕಿ ಹಾಕಿದ್ದಳು. ಮುಂದಿನ ಸಲ ಹೋದಾಗ ಮತ್ತೂ ಹೆಚ್ಚಿಸಿದ್ದಳು. ಹುಳಿ ಮುರಿಯಲು ಬೆಲ್ಲ ಏರಿತು, ಬೆಲ್ಲಕ್ಕೆ ಮೆಣಸು ಏರಿತು. ಬೇರೆ ಅಡುಗೆ ಬರೆಯುವುದನ್ನು ನಿಲ್ಲಿಸಿದಳು. ಹೋದಾಗಲೆಲ್ಲ ಮನೆಯಲ್ಲಿ ಹಬೆಯಲ್ಲಿ ಬೆಂದ ಎಲೆಯ ವಾಸನೆ. ಎದುರು ಮನೆಯವರು ಸಾಕು ಎಂದಿದ್ದರಂತೆ.

ನನಗೆ ಹೆದರಿಕೆಯಾಯಿತು. ಹೋಟೆಲಿನವರ ಕೈಕಾಲು ಹಿಡಿದು ಅವರವರ ಮೊಬೈಲಿನಿಂದ ಐದೈದು ನಕ್ಷತ್ರ ಒತ್ತಿಸಿದೆ. ಕ್ಯಾಶಿಯರೂ ಒತ್ತಿದ. ಈಗ ಸಮಾಧಾನವಾದೀತು ಎಂದುಕೊಂಡು ಹೋದೆ. ಆ ದಿನ ಹೊರಡುವಾಗ ಅಕ್ಕ ಎಂದಿನಂತೆ ಡಬ್ಬ ಹಿಡಿದು ಗೇಟಿನ ತನಕ ಬಂದಳು.

“ಸುಮಾರು ಜನ ಐದೈದು ನಕ್ಷತ್ರ ಕೊಟ್ಟಿದ್ದಾರೆ, ನೋಡಿದೆಯಾ?” ಎಂದೆ.

“ನೋಡಿದೆ. ಎಲ್ಲ ಒಂದೇ ಮಧ್ಯಾಹ್ನ ಬಂದದ್ದು. ಅಷ್ಟು ಜನ ಒಂದೇ ದಿನ ಪತ್ರೊಡೆ ಮಾಡ್ತಾರಾ?” ಅಕ್ಕ ತಲೆಯಾಡಿಸಿದಳು. “ಮಾಡದೆ ಒತ್ತಿದವರು ಅವರು. ಆ ಒಂದು ಕೊಟ್ಟ ಪುಣ್ಯಾತ್ಮ ಇದ್ದಾನಲ್ಲ, ಅವನೊಬ್ಬನೇ ನಿಜವಾಗಿ ಮಾಡಿ ನೋಡಿದ್ದು. ಅವನಿಗೆ ಸರಿ ಅನ್ನಿಸುವ ಹಾಗೆ ಒಮ್ಮೆ ಆದ್ರೆ ಸಾಕು ನನಗೆ.”

“ಅಕ್ಕಾ, ಆ ಒಂದು...” ಎಂದೆ.

“ಎಂತ?”

ರಿಕ್ಷಾ ಬಂದು ನಿಂತಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದರೆ ಅವಳಿಗಿದ್ದ ಆ ಒಬ್ಬ ಓದುಗನೂ ಹೋಗುತ್ತಾನೆ ಎಂದು ಆಗ ಸಬೂಬು ಹೇಳಿಕೊಂಡೆ. ಅದು ಸುಳ್ಳು. ನಾನು ಹೆದರಿದ್ದು ಅವಳೆದುರು ನನ್ನ ಮರ್ಯಾದೆ ಹೋದೀತೆಂದು. “ಏನಿಲ್ಲ, ತಡವಾಯ್ತು” ಎಂದು ಹತ್ತಿ ಕೂತೆ.

ಅದಾದ ಮೇಲೆ ನಾನು ಹೋಗುವುದು ಕಡಿಮೆ ಮಾಡಿದೆ. ಕೆಲಸ ಎಂದೆ, ಮೆಗಾಬ್ಲಾಕ್, ರೈಲು ಇಲ್ಲ ಎಂದೆ. ಅವಳು ಒಮ್ಮೆಯೂ ಮುನಿಸಿಕೊಳ್ಳಲಿಲ್ಲ. “ಬರುವಾಗ ಫೋನು ಮಾಡು, ಎಲೆ ತಂದಿಡ್ತೇನೆ” ಎನ್ನುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಎದುರು ಮನೆಯವರ ಫೋನು ಬಂತು. ಎದೆ ನೋವು ಎಂದಿದ್ದಳಂತೆ. ನಾನು ಸಾನಪಾಡಾ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೆಲವು ತಿಂಗಳಾದ ಮೇಲೆ ಅಕ್ಕನ ಮಗಳು ಪುಣೆಯಿಂದ ಫೋನು ಮಾಡಿದಳು. ಇಲ್ಲೇ ಹುಟ್ಟಿದವಳು, ಕನ್ನಡ ತಿಳಿಯುತ್ತದೆ, ಮಾತಾಡುವುದು ಹಿಂದಿಯಲ್ಲಿ.

“ಮಾಮಾ, ಮಮ್ಮೀ ಕಾ ಪತ್ರೊಡೆ ಬಹುತ್ ಖಟ್ಟಾ ಹೈ ಬೋಲ್ ರಹೇ ಹೈಂ ಲೋಗ್. ಆಪ್ ಠೀಕ್ ಕರ್ ದೋಗೇ?”

ಪತ್ರೊಡೆ ತುಂಬ ಹುಳಿ ಎನ್ನುತ್ತಿದ್ದಾರಂತೆ, ನಾನು ಸರಿಮಾಡಿಕೊಡಬೇಕಂತೆ. “ಮೊದಲಿನ ಅಳತೆ ಅದರಲ್ಲಿ ಉಳಿದಿಲ್ಲವಾ?” ಎಂದು ಕೇಳಿದೆ.

“ನಹೀಂ ಮಾಮಾ. ಮಮ್ಮೀನೇ ಉಸೀಕೇ ಊಪರ್ ಸೇವ್ ಕಿಯಾ ಥಾ. ಪುರಾನಾ ಗಯಾ.”

ಹಳೆಯದರ ಮೇಲೆಯೇ ಅಕ್ಕ ಹೊಸತನ್ನು ಉಳಿಸಿದ್ದಳಂತೆ, ಹಳೆಯದು ಹೋಗಿತ್ತು. ಬ್ಲಾಗು ತೆಗೆದು ನೋಡಿದೆ. ಈಗ ನಿಜವಾಗಿಯೂ ಮಾಡಿ ನೋಡಿದವರು ಬರೆದಿದ್ದರು. ಹುಳಿ ಜಾಸ್ತಿ, ಎಲೆಯ ರುಚಿಯೇ ಇಲ್ಲ, ಸಾಮಾನು ದಂಡವಾಯಿತು. ಒಬ್ಬಾಕೆ, ‘ಇವರಿಗೆ ಪತ್ರೊಡೆ ಗೊತ್ತೇ ಇಲ್ಲ’ ಎಂದಿದ್ದಳು. ಅದರ ಜೊತೆಗೂ ಒಂದು ನಕ್ಷತ್ರ.

ಸರಿಯಾದ ಅಳತೆ ನನಗೆ ಗೊತ್ತಿಲ್ಲ. ತಿಂದ ನೆನಪು ಮಾತ್ರ ಇದೆ. ರಜೆಯ ದಿನ ಎಲೆ ತಂದು ಮಾಡುತ್ತೇನೆ. ಒಮ್ಮೆ ಗಂಟಲು ತುರಿಸುತ್ತದೆ, ಒಮ್ಮೆ ಹುಳಿಯಾಗುತ್ತದೆ. ಅಕ್ಕನದು ಇನ್ನೂ ಬಂದಿಲ್ಲ.

ಆ ಹೆಂಗಸಿನ ಮಾತಿನ ಕೆಳಗೆ ನಾನು ಬರೆದೆ. ನನಗೆ ಬರೆಯಲು ಬಹಳ ಹೊತ್ತು ಹಿಡಿಯುತ್ತದೆ. ‘ಇದನ್ನು ಬರೆದವಳಿಗೆ ಗೊತ್ತಿತ್ತು. ಮೊದಲು ಸರಿಯಾಗಿಯೇ ಇತ್ತು. ಮಾಡಿ ನೋಡದೆ, ಸಿಟ್ಟಿನಿಂದ ನಾನು ಒಂದೇ ನಕ್ಷತ್ರ ಒತ್ತಿದ್ದರಿಂದ ಅವಳು ಬದಲಿಸಿದಳು. ಹುಣಸೆಹುಳಿ ಕಡಿಮೆ ಮಾಡಿಕೊಳ್ಳಿ. ಎಷ್ಟು ಕಡಿಮೆ ಎಂದು ಕೇಳಬೇಡಿ, ಹೇಳುವವಳು ಇಲ್ಲ.’