ಸಿದ್ದಗಂಗಕ್ಕನ ಮನೆಯ ಪುರುಡು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ, ದೇವರ ಪೂಜೆಗೆ ದಿನಾ ಬೆಳಗ್ಗೆ ಪಕ್ಕದ ಮನೆಯ ಕೇಪಳದ ಗಿಡಕ್ಕೆ ಕೈ ಹಾಕುತ್ತಿದ್ದವಳು ನಾನು. ನಾನೊಬ್ಬಳೇ ಏನಲ್ಲ, ಬೀದಿಯ ಹೆಂಗಸರೆಲ್ಲ ಕವರ್ ಹಿಡಿದು ಬಂದು ಆ ಕೆಂಪು ಗೊಂಚಲುಗಳನ್ನು ಬೋಳಿಸಿಕೊಂಡು ಹೋಗುತ್ತಿದ್ದೆವು.

ಗಿಡ ಸಿದ್ದಗಂಗಕ್ಕನದು. ತಿಪಟೂರಿನ ಮಂಡಿಯಲ್ಲಿ ಕರಟ ಒಡೆದು ಕೊಬ್ಬರಿ ಬಿಡಿಸುವುದು ಅವಳ ಕೆಲಸ. ಮನೆಯಲ್ಲಿ ಅವಳು, ಗಂಡ ಮರುಳಪ್ಪ, ಇಬ್ಬರೇ. ಮಕ್ಕಳಾಗಲಿಲ್ಲ. ಮದುವೆಯಾದ ವರ್ಷ ತವರು ದಂಡಿನಶಿವರದಿಂದ ತಂದು ನೆಟ್ಟ ಕಡ್ಡಿ ಈಗ ಆಳೆತ್ತರದ ಪೊದೆ. ಹೂ ಕೇಳಿದರೆ ಒಂದು ದಿನವೂ ಇಲ್ಲ ಅಂದವಳಲ್ಲ.

ಹೋದ ತಿಂಗಳು ಒಂದು ಬೆಳಗ್ಗೆ ಗೇಟಿಗೆ ಅಡ್ಡ ನಿಂತಳು. "ಹೂ ಮುಟ್ಟಬೇಡಿ ಕಣ್ರಮ್ಮ. ನಮ್ಮನೇಲಿ ಪುರುಡು. ಹನ್ನೊಂದು ದಿನ ಪೂಜೆಗೆ ಬರಕಿಲ್ಲ."

ಹೆರಿಗೆಯಾದ ಮನೆಯ ಹೂವನ್ನು ದೇವರಿಗೆ ಯಾರು ಏರಿಸುತ್ತಾರೆ? ನೆಂಟರ ಹುಡುಗಿ ಯಾರೋ ಹೆತ್ತಿರಬೇಕು ಅಂದುಕೊಂಡು ಉಳಿದವರು ತೆಪ್ಪಗೆ ವಾಪಸಾದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅರವತ್ತು ದಾಟಿದ ಮುದುಕಿಯ ಮನೆಯಲ್ಲಿ ಪುರುಡಂತೆ! ಕೊಡಲು ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಬೇಕಪ್ಪ. ಅಣಕಿಸಲೆಂದೇ ಮನೆಗೆ ಹೋಗಿ, ಬಾಣಂತಿಗೆ ಒಯ್ಯುವ ಹಾಗೆ ನಾಲ್ಕು ಕೊಬ್ಬರಿ, ಒಂದು ಅಚ್ಚು ಬೆಲ್ಲ ತಟ್ಟೆಯಲ್ಲಿಟ್ಟುಕೊಂಡು ಬಂದೆ.

"ಎಲ್ಲವ್ಳಕ್ಕ ಬಾಣಂತಿ? ತೋರ್ಸು, ನೋಡ್ಕಂಡ್ ಹೋಯ್ತೀನಿ."

ಅವಳು ಕೋಪಿಸಿಕೊಳ್ಳಲಿಲ್ಲ. "ಮೆಲ್ಲಗೆ ಬಾ" ಅಂತ ಕೈ ಹಿಡಿದು ಗಿಡದ ಹಿಂದಕ್ಕೆ ಕರೆದೊಯ್ದಳು. ಕೊಂಬೆಯ ತುದಿಯಲ್ಲಿ ನಾರು, ಜೇಡರ ಬಲೆ ಸೇರಿಸಿ ಹೆಣೆದ ಪುಟ್ಟ ಚೀಲದಂಥ ಗೂಡು. ಅದರ ಬಾಯಲ್ಲಿ ಎರಡು ಕೊಕ್ಕು. ಸೂರಕ್ಕಿಯ ಮರಿಗಳು. ತಾಯಿ ಹಕ್ಕಿ ಪಕ್ಕದ ಗೊಂಚಲಿಗೆ ಬಾಗಿ ಮಕರಂದ ಹೀರುತ್ತಿತ್ತು.

"ಹೂವೆಲ್ಲ ಬೋಳಿಸಿದ್ರೆ ಅದು ಏನ್ ಕುಡೀಬೇಕು ಹೇಳು? ಹೋದ್ಸಲ ನೀವೆಲ್ಲ ಕೊಂಬೆ ಜಗ್ಗಿ ಗೂಡು ಬಿದ್ದೋಯ್ತು, ಮೊಟ್ಟೆ ಒಡೆದೋದ್ವು. ಹಕ್ಕಿ ಐತೆ ಅಂದ್ರೆ ಯಾರ್ ಕೇಳ್ತಾರೆ? ಅದ್ಕೇ ಪುರುಡು ಅಂದೆ."

ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ತಟ್ಟೆಯನ್ನು ಹಿಂದಕ್ಕೆ ಮರೆಮಾಡಿದೆ. ಅವಳು ಸೆರಗೊಡ್ಡಿ ನಿಂತಳು.

"ತಂದಿದ್ನ ಕೊಟ್ಟೋಗು ನಿರ್ಮಲಾ. ಊರ ಬಾಣಂತೀರ್ಗೆಲ್ಲ ಕೊಬ್ಬರಿ ಬಿಡಿಸಿಕೊಟ್ಟ ಕೈ ಇದು. ನಮ್ಮನೆ ಹೊಸ್ಲಿಗೆ ಒಂದೂ ಬಂದಿರ್ಲಿಲ್ಲ."

ನನ್ನ ಕಣ್ಣು ತುಂಬಿತು. ಕೊಬ್ಬರಿ, ಬೆಲ್ಲ ಅವಳ ಸೆರಗಿಗೆ ಹಾಕಿ, ಒಳಗಿಂದ ಕುಂಕುಮ ತಂದು ಹಣೆಗಿಟ್ಟೆ.

ಮಾರನೆಯ ದಿನದಿಂದ ಗೇಟು ಕಾದವಳು ನಾನು. "ಪುರುಡು ಕಣ್ರೀ, ನಡೀರಿ ನಡೀರಿ" ಅಂತ ಕವರ್ ಹಿಡಿದವರನ್ನೆಲ್ಲ ಅಟ್ಟಿದೆ. ಹನ್ನೊಂದನೆಯ ದಿನ ಗೂಡು ಖಾಲಿ. ಮರಿಗಳೆರಡೂ ಬಟ್ಟೆ ಒಣಹಾಕುವ ತಂತಿಯ ಮೇಲೆ ಕೂತಿದ್ದವು. ಸಿದ್ದಗಂಗಕ್ಕ ಅದೇ ಕೊಬ್ಬರಿ ತುರಿದು ಮಿಠಾಯಿ ಮಾಡಿ ಬೀದಿಗೆಲ್ಲ ಹಂಚಿದಳು.

"ಗಂಡೋ ಹೆಣ್ಣೋ?" ಎದುರು ಮನೆಯ ಆಶಾ ಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತಾ ಕೇಳಿದಳು.

ಸಿದ್ದಗಂಗಕ್ಕ ನನ್ನ ಮುಖ ನೋಡಿದಳು.

"ಅವಳಿ ಕಣೇ," ಅಂದೆ. "ಎರಡೂ ಚೆನ್ನಾಗವೆ."