ನಾವು ಹೋಗದೆ ಬಿಟ್ಟ ಓಣಿ

ನಾನು ಚಿಕ್ಕವಳಿದ್ದಾಗ, ಅಂದರೆ ಒಂಬತ್ತನೇ ತರಗತಿಗೆ ಬಂದು ದೊಡ್ಡವಳಾದೆನೆಂದು ಮೆರೆಯುತ್ತಿದ್ದಾಗ, ಶಹಾಬಾದ್ ಹತ್ತಿರದ ನಮ್ಮೂರಲ್ಲಿ ಎರಡು ಓಣಿಗಳ ನಡುವೆ ಜಗಳ ಹತ್ತಿತು. ಕಲ್ಲು ತೂರಾಡಿದರು, ಅಂಗಡಿಗಳು ಮುಚ್ಚಿದವು. ನಮ್ಮ ಅಪ್ಪ ಮತ್ತು ನನ್ನ ಗೆಳತಿಯ ಅಪ್ಪ ಒಂದೇ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆಯುವವರು, ಮಧ್ಯಾಹ್ನ ಜೊತೆಗೇ ಬುತ್ತಿ ಬಿಚ್ಚುವವರು. ಈಗ ಇಬ್ಬರೂ ತಮ್ಮ ತಮ್ಮ ಓಣಿಯಲ್ಲಿ ಕುಳಿತಿದ್ದರು.

ಗೆಳತಿಯ ಮನೆಯಲ್ಲಿ ಒಂದು ರೂಢಿಯಿತ್ತು. ಯಾರ ಮೆರವಣಿಗೆಯೇ ಇರಲಿ, ಅವರ ಬಾಗಿಲ ಮುಂದೆ ಹಾದರೆ ಬೆಲ್ಲ, ಸೋಂಪು ಹಾಕಿದ ತಣ್ಣನೆಯ ಶರಬತ್ತು ಕುಡಿಸದೆ ಬಿಡುತ್ತಿರಲಿಲ್ಲ. ನಮ್ಮ ಹೈಸ್ಕೂಲಿನಿಂದ ಶಾಂತಿ ಮೆರವಣಿಗೆ ಹೊರಡುವ ಹಿಂದಿನ ದಿನ ಅವಳು ಬಾವಿಯ ಹತ್ತಿರ ಸಿಕ್ಕಳು.

“ಅಬ್ಬಾ ಊರು ಬಿಡ್ಲಿಕತ್ತಾರ. ನಿಮ್ಮ ಮೆರವಣಿಗಿ ನಮ್ಮ ಓಣಿಗಿ ಬಂದ್ರ ಇಲ್ಲೇ ಇರ್ತೀನಿ ಅಂದಾರ. ಬರ್ತೀ ಇಲ್ಲ?”

“ಝಂಡಾ ನನ್ನ ಕೈಯಾಗೇ ಇರ್ತದ. ಬಂದೇ ಬರ್ತೀನಿ,” ಅಂದೆ.

ಮರುದಿನ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಬಿಳಿ ಝಂಡಾ ಹಿಡಿದು, ‘ನಾವೆಲ್ಲ ಒಂದೇ’ ಎಂದು ಗಂಟಲು ಹರಿಯುವಂತೆ ಕೂಗುತ್ತ ಎಲ್ಲರಿಗಿಂತ ಮುಂದೆ ನಡೆದೆ. ಗೆಳತಿಯ ಓಣಿಯ ತಿರುವಿನಲ್ಲಿ ಮಾಸ್ತರು ಅಡ್ಡ ಬಂದರು. “ಆ ಕಡಿ ಬ್ಯಾಡವ್ವ, ಗದ್ಲ ಆದೀತು. ಎಡಕ್ಕ ಹೊಳ್ಳು.”

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ನಾನು ಎಡಕ್ಕೆ ಹೊರಳಿದೆ. ನನ್ನ ಹಿಂದೆ ಇಡೀ ಶಾಲೆ ಹೊರಳಿತು. ಕೂಗುವುದನ್ನು ಮಾತ್ರ ನಾವು ನಿಲ್ಲಿಸಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ನನ್ನ ಕೈ ಹಿಡಿದುಕೊಂಡು ಅವರ ಮನೆಗೆ ಹೋದರು. ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ಶರಬತ್ತಿನ ಗಡಿಗೆ ತುಂಬಿದ ಹಾಗೇ ಇತ್ತು, ಇರುವೆ ಮುತ್ತಿದ್ದವು. ಪಕ್ಕದ ಮನೆಯ ಮುದುಕಿ ಹೇಳಿದಳು: “ಸಂಜಿ ತನಕ ಗ್ಲಾಸ್ ಹಿಡ್ಕೊಂಡು ನಿಂತಿತ್ತವ್ವ ಕೂಸು. ನಸುಕಿನ ಗಾಡಿಗಿ ಹೋದ್ರು.” ಅಪ್ಪ ಅಲ್ಲೇ ಕುಳಿತು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅಂದೇ.

ಮೊಮ್ಮಕ್ಕಳೇ, ನೀವು ಮೆರವಣಿಗೆಗೆ ಹೋದರೆ ನೀರಿನ ಬಾಟಲಿ ನಿಮ್ಮ ಹೆಗಲಲ್ಲೇ ಇರುತ್ತದೆ, ಯಾರ ಮನೆಯ ಶರಬತ್ತೂ ಬೇಕಿಲ್ಲ. ಊರು ಬಿಟ್ಟುಹೋದ ಗೆಳತಿಯ ಮುಖವನ್ನು ಫೋನಿನಲ್ಲಿ ನೋಡಿ ನಗುತ್ತೀರಿ. ಅಜ್ಜಿಯ ಗೆಳತಿಯನ್ನೂ ಹುಡುಕಿಕೊಡುತ್ತೇವೆಂದು ನನ್ನ ಜೀವ ತಿನ್ನುತ್ತೀರಿ. ಸಿಕ್ಕರೆ ಅವಳಿಗೆ ಏನು ಹೇಳಲಿ? ಝಂಡಾ ನನ್ನ ಕೈಯಲ್ಲೇ ಇತ್ತು.